ಫಲಕದಲ್ಲಿ ‘ಭಾವಿ ಮಹಾಪೌರ’, ಮತಯಂತ್ರದಲ್ಲಿ ಬರೀ ನಗರಸೇವಕ

ಪ್ರಶ್ನೆ: ನಾವು ಮಹಾರಾಷ್ಟ್ರದ ಸೋಲಾಪುರದವರು, ಮನೆಮಾತು ಕನ್ನಡ. ಜನವರಿಯ ಪಾಲಿಕೆ ಚುನಾವಣೆಯಲ್ಲಿ ನಮ್ಮ ಪ್ರಭಾಗದಿಂದ, ಅಂದರೆ ವಾರ್ಡಿನಿಂದ, ನಿಂತಿದ್ದ ಒಬ್ಬರು ಓಣಿ ತುಂಬಾ ‘ಭಾವಿ ಮಹಾಪೌರ’ (ಮುಂದಿನ ಮೇಯರ್) ಅಂತ ಫಲಕ ಹಾಕಿಸಿದ್ದರು. ಮನೆಗೆ ಬಂದು ಕನ್ನಡದಲ್ಲೇ ಮಾತಾಡಿದರು. ಮೇಯರ್ ಆದ ಮೇಲೆ ದಿನಾ ನೀರು ಬಿಡಿಸುತ್ತೇನೆ ಅಂದರು. ನಮ್ಮ ಮನೆಯ ಐದೂ ಮತ ಅವರಿಗೇ ಹೋದವು. ಅವರು ಗೆದ್ದರು, ಆದರೆ ಮೇಯರ್ ಆದವರು ಬೇರೆಯವರು. ಅಕ್ಕಲಕೋಟೆಯಲ್ಲಿರುವ ನನ್ನ ತಂಗಿ ಅಲ್ಲಿನ ನಗರಾಧ್ಯಕ್ಷರಿಗೆ ನೇರವಾಗಿ ಮತ ಹಾಕಿದಳು. ನಮಗೆ ಯಾಕೆ ಹಾಗಿಲ್ಲ? ನಮಗೆ ಮೋಸ ಆಯಿತಾ? ಇನ್ನೊಂದು, ನನ್ನ ತಮ್ಮ ಮುಂದಿನ ಸಲ ನಿಂತು ಮೇಯರ್ ಆಗುತ್ತೇನೆ ಅನ್ನುತ್ತಿದ್ದಾನೆ. ಅವನಿಗೆ ಏನು ಹೇಳಲಿ?

ಉತ್ತರ: ಮೊದಲು ಒಂದು ಲೆಕ್ಕ ಸರಿ ಮಾಡೋಣ. ನಿಮ್ಮ ಮನೆಯಿಂದ ಬಿದ್ದದ್ದು ಐದು ಮತ ಅಲ್ಲ, ಇಪ್ಪತ್ತು.

ಸೋಲಾಪುರ ಮಹಾನಗರಪಾಲಿಕೆಯಲ್ಲಿ 26 ಪ್ರಭಾಗಗಳಿವೆ, 102 ನಗರಸೇವಕರು, ಅಂದರೆ ಪಾಲಿಕೆಯ ಚುನಾಯಿತ ಸದಸ್ಯರು. 24 ಪ್ರಭಾಗಗಳಲ್ಲಿ ನಾಲ್ಕು ನಾಲ್ಕು ಜನ, ಉಳಿದ ಎರಡರಲ್ಲಿ ಮೂರು ಮೂರು. ಮತಗಟ್ಟೆಯಲ್ಲಿ ನೆನಪು ಮಾಡಿಕೊಳ್ಳಿ: ಅ, ಬ, ಕ, ಡ ಅಂತ ನಾಲ್ಕು ಜಾಗ, ಒಂದಕ್ಕೆ ಬಿಳಿ ಕಾಗದ, ಒಂದಕ್ಕೆ ತಿಳಿ ಗುಲಾಬಿ, ಆಮೇಲೆ ತಿಳಿ ಹಳದಿ, ತಿಳಿ ನೀಲಿ. ನಾಲ್ಕು ಕಡೆ ಗುಂಡಿ ಒತ್ತಿದ ಮೇಲೆಯೇ ಆ ಉದ್ದ ಬೀಪ್ ಬರುವುದು. ಯಾರೂ ಬೇಡ ಅನ್ನಿಸಿದರೆ ನೋಟಾ ಒತ್ತಬಹುದು, ಆದರೆ ಒತ್ತದೆ ಬರುವ ಹಾಗಿಲ್ಲ. ನಿಮ್ಮದು ನಾಲ್ವರ ಪ್ರಭಾಗವಾದರೆ ಐದು ಜನ ಸೇರಿ ಇಪ್ಪತ್ತು ಸಲ ಗುಂಡಿ ಒತ್ತಿದ್ದೀರಿ. ನಿಮ್ಮ ಪತ್ರದಲ್ಲಿ ಐದರ ಲೆಕ್ಕ ಮಾತ್ರ ಇದೆ. ಉಳಿದ ಹದಿನೈದು ಯಾರಿಗೆ ಹೋದವು ಅಂತ ನೀವು ಬರೆದಿಲ್ಲ. ಬಹುಶಃ ಅದೇ ಚಿಹ್ನೆ ನೋಡಿ ಒತ್ತಿರಬೇಕು. ತಪ್ಪು ಅನ್ನುತ್ತಿಲ್ಲ, ಹೆಚ್ಚಿನ ಮನೆಗಳಲ್ಲಿ ಆದದ್ದು ಅದೇ. ಈ ಹದಿನೈದಕ್ಕೆ ಆಮೇಲೆ ಬರುತ್ತೇನೆ.

ಮೋಸದ ವಿಷಯ. ಆ ನಾಲ್ಕು ಗುಂಡಿಗಳಲ್ಲಿ ಒಂದೂ ಮೇಯರ್ ಹುದ್ದೆಯದ್ದಲ್ಲ. ನಮ್ಮ ರಾಜ್ಯದ ಮಹಾನಗರಪಾಲಿಕೆಗಳಲ್ಲಿ ‘ಮೇಯರ್ ಅಭ್ಯರ್ಥಿ’ ಅಂತ ಜನರ ಮುಂದೆ ನಿಲ್ಲುವವರು ಕಾನೂನಿನ ಪ್ರಕಾರ ಇಲ್ಲವೇ ಇಲ್ಲ. ಜನ ನಗರಸೇವಕರನ್ನು ಆರಿಸುತ್ತಾರೆ, ನಗರಸೇವಕರು ತಮ್ಮೊಳಗೆ ಒಬ್ಬರನ್ನು ಮಹಾಪೌರ ಮಾಡುತ್ತಾರೆ. ಅಷ್ಟೇ ಆಗಿದ್ದರೆ ‘ನಾನು ಆಗುವ ಸಾಧ್ಯತೆ ಇದೆ’ ಅಂತ ಅವರು ಹೇಳಿದ್ದು ಆಸೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ತಾರೀಖು ನೋಡಿ. ಮತದಾನ 2026ರ ಜನವರಿ 15ಕ್ಕೆ, ಸಿದ್ಧೇಶ್ವರರ ಗಡ್ಡಾ ಜಾತ್ರೆಯ ಗದ್ದಲದ ನಡುವೆಯೇ. ಎಣಿಕೆ 16ಕ್ಕೆ. ಯಾವ ಊರಿನ ಮೇಯರ್ ಸ್ಥಾನ ಯಾವ ವರ್ಗಕ್ಕೆ ಮೀಸಲು ಅನ್ನುವ ಸೋಡತ್, ಅಂದರೆ ಚೀಟಿ ಎತ್ತುವ ಕಾರ್ಯಕ್ರಮ, ಮುಂಬೈ ಮಂತ್ರಾಲಯದಲ್ಲಿ ನಡೆದದ್ದು ಜನವರಿ 22ಕ್ಕೆ! ಅಂದರೆ ನಿಮ್ಮ ಓಣಿಯಲ್ಲಿ ಆ ಫಲಕ ಎದ್ದು ನಿಂತಾಗ ಸೋಲಾಪುರದ ಮುಂದಿನ ಮೇಯರ್ ಹೆಣ್ಣೋ ಗಂಡೋ, ಸಾಮಾನ್ಯ ವರ್ಗವೋ, ಹಿಂದುಳಿದ ವರ್ಗವೋ, ಪರಿಶಿಷ್ಟ ಜಾತಿಯೋ ಅಂತ ಯಾರಿಗೂ ಗೊತ್ತಿರಲಿಲ್ಲ. ಫಲಕ ಹಾಕಿದವರಿಗೂ ಗೊತ್ತಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಇಲ್ಲಿ ಕುಲಾವಿಯ ಮೇಲೆ ಹೆಸರೂ ಬರೆಸಿದ್ದರು.

ಹಾಗಾಗಿ ನಾನು ಅದನ್ನು ಅರ್ಧ ಮೋಸ ಅನ್ನುತ್ತೇನೆ. ಅವರಿಗೆ ನಿಯಮ ಗೊತ್ತಿರಲಿಲ್ಲ ಅಂತ ನಂಬುವುದು ಕಷ್ಟ. ಪಾಲಿಕೆಗೆ ನಿಲ್ಲುವವರು ಈ ಮೀಸಲಾತಿಯ ಲೆಕ್ಕವನ್ನು ನಿದ್ದೆಯಲ್ಲೂ ಹೇಳುತ್ತಾರೆ. ಇನ್ನರ್ಧ ತಪ್ಪು ಊರಿನದ್ದು. ‘ಭಾವಿ’ ಅನ್ನುವ ಪದ ನೋಡಿದರೆ ನಾವೇ ಖುಷಿಪಡುತ್ತೇವೆ. ನಮ್ಮ ಓಣಿಯವನು, ನಮ್ಮ ಮಾತಿನವನು ಆ ಕುರ್ಚಿಯಲ್ಲಿ ಕೂತರೆ ಚೆನ್ನ ಅನ್ನಿಸುತ್ತದೆ. ನನಗೂ ಅನ್ನಿಸುತ್ತದೆ, ಸುಳ್ಳು ಯಾಕೆ ಹೇಳಲಿ.

ಈಗ ನಿಮ್ಮ ತಂಗಿಯ ಮಾತು. ಅಕ್ಕಲಕೋಟೆ ಇರುವುದು ನಗರ ಪರಿಷತ್ತು, ಮಹಾನಗರಪಾಲಿಕೆ ಅಲ್ಲ. ದುಧನಿ, ಮೈಂದರ್ಗಿ ಕೂಡ ಹಾಗೇ. ಅಲ್ಲಿಗೆ ಬೇರೆಯೇ ಕಾನೂನು. ಅಲ್ಲಿ ನಗರಾಧ್ಯಕ್ಷರನ್ನು ಜನ ನೇರವಾಗಿ ಆರಿಸುತ್ತಾರೆ, ಕಳೆದ ಡಿಸೆಂಬರಿನಲ್ಲಿ ನಡೆದದ್ದು ಅದೇ. ಇದು ಕೂಡ ಒಂದು ಸ್ಥಿರವಾದ ಪದ್ಧತಿ ಅಂದುಕೊಳ್ಳಬೇಡಿ. 2001ರ ಸುಮಾರಿಗೆ ನೇರ ಆಯ್ಕೆ ಬಂತು, 2006ರ ಹೊತ್ತಿಗೆ ಹೋಯಿತು, 2016ರಲ್ಲಿ ಮತ್ತೆ ಬಂತು, 2020ರಲ್ಲಿ ಹೊಸ ಸರ್ಕಾರ ತೆಗೆಯಿತು, 2022ರಲ್ಲಿ ಅದರ ನಂತರದ ಸರ್ಕಾರ ವಾಪಸ್ ತಂದಿತು. ಮುಂಬೈಯಲ್ಲಿ ಯಾರು ಕೂತಿದ್ದಾರೆ, ಯಾವ ಪದ್ಧತಿಯಿಂದ ಯಾರಿಗೆ ಲಾಭ ಅನ್ನುವುದರ ಮೇಲೆ ದುಧನಿಯ ಮತದಾರರ ಹಕ್ಕು ಬದಲಾಗುತ್ತಾ ಇರುತ್ತದೆ. ಮಹಾನಗರಪಾಲಿಕೆಗಳ ಮೇಯರ್‌ಗೆ ಮಾತ್ರ ನೇರ ಆಯ್ಕೆ ಕೊಡುವ ಮನಸ್ಸು ಯಾವ ಸರ್ಕಾರಕ್ಕೂ ಬಂದಿಲ್ಲ. ಹತ್ತು ಲಕ್ಷದ ಹತ್ತಿರ ಜನ ಇರುವ ಊರಿನಿಂದ ನೇರವಾಗಿ ಗೆದ್ದು ಬಂದ ಮೇಯರ್ ಅಂದರೆ ಅಲ್ಲಿನ ಯಾವ ಶಾಸಕನಿಗಿಂತಲೂ ದೊಡ್ಡ ಮನುಷ್ಯ ಆಗುತ್ತಾನೆ. ಶಾಸಕರು ತುಂಬಿದ ವಿಧಾನಸಭೆ ಅಂಥ ಕಾನೂನು ಯಾಕೆ ಮಾಡುತ್ತದೆ, ಅಲ್ವಾ?

ನಿಮ್ಮ ನೆಂಟರು ವಿಜಯಪುರ, ಕಲಬುರಗಿ ಕಡೆ ಇದ್ದರೆ ಇನ್ನೊಂದು ಗೊಂದಲ ಸೇರಿಕೊಳ್ಳುತ್ತದೆ. ಅಲ್ಲಿ ಒಂದು ವಾರ್ಡಿಗೆ ಒಬ್ಬರೇ ಸದಸ್ಯರು. ಮೇಯರ್ ವರ್ಷಕ್ಕೊಬ್ಬರು ಬದಲಾಗುವುದನ್ನು ನೋಡಿ ಅವರಿಗೆ ಅಭ್ಯಾಸ. ಮೇಯರ್ ಆಯ್ಕೆಯ ದಿನ ಶಾಸಕರು, ಸಂಸದರು ಕೂಡ ಬಂದು ಮತ ಹಾಕುತ್ತಾರೆ, ಅದಕ್ಕೇ ಅಲ್ಲಿ ಪಾಲಿಕೆಯಲ್ಲಿ ಬಹುಮತ ಇಲ್ಲದ ಪಕ್ಷವೂ ಒಮ್ಮೊಮ್ಮೆ ಮೇಯರ್ ಮಾಡಿಕೊಳ್ಳುತ್ತದೆ. ನಮ್ಮಲ್ಲಿ ಶಾಸಕರಿಗೆ ಆ ಮತ ಇಲ್ಲ. 102 ಜನ ನಗರಸೇವಕರು, 52 ಆದರೆ ಬಹುಮತ. ನಾಮನಿರ್ದೇಶನಗೊಂಡ ‘ಸ್ವೀಕೃತ’ ಸದಸ್ಯರಿಗೂ ಮತ ಇಲ್ಲ. ಸಭೆಯಲ್ಲಿ ಕೈ ಎತ್ತಿ ಮತ ಹಾಕುತ್ತಾರೆ, ಗುಪ್ತ ಮತದಾನವಲ್ಲ.

ಆ ಕೈಗಳು ಎತ್ತುವ ಮುಂಚೆ ನಡೆಯುವುದೇ ನಿಜವಾದ ಮೇಯರ್ ಚುನಾವಣೆ. ಫಲಿತಾಂಶ ಬಂದ ಮೇಲೆ ಪ್ರತಿಯೊಂದು ಪಕ್ಷವೂ ತನ್ನ ಸದಸ್ಯರ ಗುಂಪನ್ನು ಪುಣೆಯ ವಿಭಾಗೀಯ ಆಯುಕ್ತರ ಹತ್ತಿರ ನೋಂದಾಯಿಸುತ್ತದೆ. ಅದನ್ನು ‘ಗಟ’ ಅನ್ನುತ್ತಾರೆ. ಗಟದ ನಾಯಕ ವ್ಹಿಪ್, ಅಂದರೆ ಇಂಥವರಿಗೇ ಮತ ಹಾಕಿ ಅನ್ನುವ ಆದೇಶ, ಕೊಡುತ್ತಾನೆ, ಮೀರಿದರೆ ಸದಸ್ಯತ್ವವೇ ಹೋಗುತ್ತದೆ, ಅದಕ್ಕೆ 1986ರ ಕಾನೂನು ಇದೆ. ಹೀಗಾಗಿ 52 ಜನರ ಮನಸ್ಸು ಗೆಲ್ಲುವ ಕೆಲಸ ಅಲ್ಲ ಇದು, ಪಕ್ಷದ ಮೂರ್ನಾಲ್ಕು ಜನರ ಮನಸ್ಸು ಗೆಲ್ಲುವ ಕೆಲಸ. ಸಂಖ್ಯೆ ಅಂಚಿನಲ್ಲಿದ್ದ ಊರುಗಳಲ್ಲಿ ನಗರಸೇವಕರನ್ನು ಬಸ್ಸಿನಲ್ಲಿ ತುಂಬಿ ‘ಸಹಲಿ’ಗೆ, ಅಂದರೆ ಪ್ರವಾಸಕ್ಕೆ, ಕರೆದುಕೊಂಡು ಹೋಗುತ್ತಾರೆ. ಒಂದು ವಾರ ಯಾವುದೋ ರೆಸಾರ್ಟು, ಫೋನು ಬಂದ್, ನೇರವಾಗಿ ಸಭಾಗೃಹದ ಬಾಗಿಲಿಗೆ ಇಳಿಸುವುದು. 2017ರಲ್ಲಿ ನಮ್ಮಲ್ಲಿ ಯಾರಿಗೂ 52 ಬಂದಿರಲಿಲ್ಲ. ಬಿಜೆಪಿ 49ಕ್ಕೆ ನಿಂತಿತ್ತು. ಆಗ ಒಬ್ಬೊಬ್ಬ ಸದಸ್ಯನ ಬೆಲೆಯೇ ಬೇರೆ ಇತ್ತು.

ಇನ್ನು ಮೇಯರ್ ಅವಧಿ ಎರಡೂವರೆ ವರ್ಷ. ಆಸೆಪಟ್ಟವರು ಜಾಸ್ತಿ ಇದ್ದರೆ ಪಕ್ಷದೊಳಗೆ ‘ಸವ್ವಾ ವರ್ಷ (ಒಂದೂಕಾಲು ವರ್ಷ) ನೀನು, ಸವ್ವಾ ವರ್ಷ ಅವನು’ ಅಂತ ಮಾತಾಗುತ್ತದೆ. ಈ ಮಾತಿಗೆ ಕಾನೂನಿನಲ್ಲಿ ಜಾಗ ಇಲ್ಲ. ಮೊದಲು ಕೂತವರು ಏಳದಿದ್ದರೆ ಎಬ್ಬಿಸುವುದು ಪಕ್ಷದ ತಲೆನೋವು. ನಿಮ್ಮ ನಗರಸೇವಕರಿಗೂ ಯಾರೋ ಇಂಥ ಮಾತು ಕೊಟ್ಟಿರಬಹುದು, ಹಾಗಾಗಿ ಆ ಫಲಕವನ್ನು ಅವರು ಇನ್ನೂ ಗುಜರಿಗೆ ಹಾಕಿರಲಿಕ್ಕಿಲ್ಲ.

ಸರಿ, ಅವರೇ ಮೇಯರ್ ಆಗಿದ್ದರು ಅಂತ ಇಟ್ಟುಕೊಳ್ಳಿ. ದಿನಾ ನೀರು ಬರುತ್ತಿತ್ತಾ?

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಪಾಲಿಕೆಯ ಸಭೆಗಳನ್ನು ವರ್ಷಗಟ್ಟಲೆ ಪತ್ರಕರ್ತರ ಬೆಂಚಿನಲ್ಲಿ ಕೂತು ನೋಡಿದವನು ನಾನು. ಜನರ ಮನಸ್ಸಿನಲ್ಲಿರುವ ಮೇಯರ್ ಬೇರೆ, ಕಾಯಿದೆಯಲ್ಲಿರುವ ಮೇಯರ್ ಬೇರೆ. ನಮ್ಮ ಪಾಲಿಕೆ ನಡೆಯುವುದು 1949ರ ಮಹಾನಗರಪಾಲಿಕೆ ಕಾಯಿದೆಯಂತೆ, ಅದರ ಮೂಲ 1888ರ ಮುಂಬೈ ಕಾಯಿದೆ. ಬ್ರಿಟಿಷರ ಕಾಲದ ಬುದ್ಧಿ ಅದು: ಊರಿನವರು ಕೂತು ಮಾತಾಡಲಿ, ಕೈಯಲ್ಲಿ ಪೆನ್ನು ಮಾತ್ರ ಸರ್ಕಾರದ ಅಧಿಕಾರಿಯ ಹತ್ತಿರ ಇರಲಿ. ಇವತ್ತಿಗೂ ಹಾಗೇ ಇದೆ. ಆಡಳಿತ ನಡೆಸುವ ಅಧಿಕಾರ ಆಯುಕ್ತರದು, ಅವರನ್ನು ಕಳಿಸುವುದು ರಾಜ್ಯ ಸರ್ಕಾರ. ದೊಡ್ಡ ಗುತ್ತಿಗೆಗಳಿಗೆ ಮಂಜೂರಾತಿ ಕೊಡುವುದು 16 ಜನರ ಸ್ಥಾಯಿ ಸಮಿತಿ. ಬಜೆಟ್ಟನ್ನು ಆಯುಕ್ತರು ಮೊದಲು ಒಯ್ಯುವುದು ಆ ಸಮಿತಿಗೆ, ಅಲ್ಲಿಂದ ಅದು ಎಲ್ಲ ನಗರಸೇವಕರು ಕೂರುವ ಸರ್ವಸಾಧಾರಣ ಸಭೆಗೆ ಬರುತ್ತದೆ. ಮೇಯರ್ ಆ ಸಭೆಯ ಅಧ್ಯಕ್ಷತೆ ವಹಿಸುತ್ತಾರೆ. ಯಾವ ವಿಷಯ ಮೊದಲು, ಯಾರಿಗೆ ಎಷ್ಟು ಹೊತ್ತು ಮಾತು, ಯಾವುದನ್ನು ಮುಂದೂಡುವುದು ಅನ್ನುವುದು ಅವರ ಕೈಯಲ್ಲಿ. ಅದು ಸಣ್ಣ ಅಧಿಕಾರ ಅಲ್ಲ, ಚತುರ ಮೇಯರ್ ಅದರಿಂದಲೇ ಬಹಳ ಕೆಲಸ ಮಾಡಿಸಿಕೊಳ್ಳುತ್ತಾರೆ. ಆದರೆ ಒಬ್ಬ ಕಿರಿಯ ಇಂಜಿನಿಯರನನ್ನು ನೇರವಾಗಿ ವರ್ಗ ಮಾಡುವ ಅಧಿಕಾರ ಅವರಿಗೆ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದ ಹಾಗೆ. ಮೇಯರ್ ಬಂಗಲೆಯಿಂದ ಫೋನು ಹೋದರೂ ಸಹಿ ಬೀಳುವುದು ಆಯುಕ್ತರ ಮೇಜಿನ ಮೇಲೆ.

ಆಯುಕ್ತರನ್ನೇ ಎಬ್ಬಿಸಲು ಆಗುವುದಿಲ್ಲವೇ ಅಂತ ಕೇಳುತ್ತೀರಿ. ಎಂಟರಲ್ಲಿ ಐದು ಭಾಗ ಸದಸ್ಯರು ಮತ ಹಾಕಿದರೆ ಆಗುತ್ತದೆ ಅಂತ ಕಾಯಿದೆ ಹೇಳುತ್ತದೆ. ನಮ್ಮಲ್ಲಾದರೆ 64 ಕೈ ಏಳಬೇಕು. ಹಿಂದೆ ಇದೇ ಸೋಲಾಪುರದ ಜಿಲ್ಲಾಧಿಕಾರಿಯಾಗಿದ್ದ ತುಕಾರಾಮ ಮುಂಢೆ ನಿಮಗೆ ನೆನಪಿರಬೇಕು. 2016ರಲ್ಲಿ ಅವರು ನವಿ ಮುಂಬೈ ಪಾಲಿಕೆಯ ಆಯುಕ್ತರಾಗಿದ್ದಾಗ ಅಲ್ಲಿನ ಸಭೆ ಭಾರೀ ಬಹುಮತದಿಂದ ಅವಿಶ್ವಾಸ ನಿರ್ಣಯ ಪಾಸು ಮಾಡಿತು. ಸರ್ಕಾರ ಅದಕ್ಕೆ ತಡೆ ಕೊಟ್ಟಿತು, ಅವರು ಇನ್ನೂ ಕೆಲವು ತಿಂಗಳು ಅಲ್ಲೇ ಕೂತು ಕೆಲಸ ಮಾಡಿದರು. ಮುಂಢೆ ಸರಿಯೋ ನಗರಸೇವಕರು ಸರಿಯೋ, ಆ ಜಗಳ ಇಲ್ಲಿ ಬೇಡ. ಲಗಾಮು ಯಾರ ಕೈಯಲ್ಲಿದೆ ಅನ್ನುವುದು ಕಂಡಿತಲ್ಲ.

ಇದಕ್ಕಿಂತ ಹತ್ತಿರದ ಉದಾಹರಣೆ ನಮ್ಮದೇ. ಹಿಂದಿನ ಪಾಲಿಕೆಯ ಅವಧಿ 2022ರ ಮಾರ್ಚಿಗೆ ಮುಗಿಯಿತು. ಹಿಂದುಳಿದ ವರ್ಗದ ಮೀಸಲಾತಿ, ಪ್ರಭಾಗಗಳ ರಚನೆ ಅಂತ ಕೋರ್ಟಿನಲ್ಲಿ ವಿಷಯ ಎಳೆದಾಡಿ, ಕೊನೆಗೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಾಲ್ಕು ತಿಂಗಳಲ್ಲಿ ಚುನಾವಣೆ ಮಾಡಿ ಅಂತ ಹೇಳಿದ ಮೇಲೂ ಈ ಜನವರಿ ಬರಬೇಕಾಯಿತು. ಸುಮಾರು ನಾಲ್ಕು ವರ್ಷ ಊರಿಗೆ ಮೇಯರೂ ಇರಲಿಲ್ಲ, ಒಬ್ಬ ನಗರಸೇವಕನೂ ಇರಲಿಲ್ಲ. ಆಯುಕ್ತರೇ ಪ್ರಶಾಸಕರು (ಆಡಳಿತಾಧಿಕಾರಿ), ಕೇಳುವವರೂ ಅವರೇ, ಮಂಜೂರು ಮಾಡುವವರೂ ಅವರೇ. ಗಟಾರ ತುಂಬಿದರೆ ಯಾರ ಮನೆ ಬಾಗಿಲು ತಟ್ಟಬೇಕು ಅಂತ ಗೊತ್ತಿಲ್ಲದೆ ಜನ ಝೋನ್ ಆಫೀಸಿಗೂ ಪಾಲಿಕೆಯ ಮುಖ್ಯ ಕಚೇರಿ ಇಂದ್ರಭವನಕ್ಕೂ ಅಲೆದರು. ಆ ನಾಲ್ಕು ವರ್ಷದಲ್ಲಿ ಮೇಯರ್ ಇಲ್ಲ ಅಂತ ಕಷ್ಟಪಟ್ಟವರನ್ನು ನಾನು ಕಾಣಲಿಲ್ಲ, ನಗರಸೇವಕ ಇಲ್ಲ ಅಂತ ಕಷ್ಟಪಟ್ಟವರು ಮಾತ್ರ ಓಣಿ ಓಣಿಯಲ್ಲೂ ಸಿಕ್ಕರು.

ಕುರ್ಚಿಗೆ ಬೆಲೆಯೇ ಇಲ್ಲ ಅಂತ ನಾನು ಹೇಳಿದ ಹಾಗೆ ಆಗಬಾರದು. 1930ರ ಏಪ್ರಿಲ್ 6ರಂದು ಈ ಊರಿನ ನಗರಪಾಲಿಕೆ ಬ್ರಿಟಿಷರ ಕಣ್ಣೆದುರೇ ತನ್ನ ಕಟ್ಟಡದ ಮೇಲೆ ತ್ರಿವರ್ಣ ಧ್ವಜ ಹಾರಿಸಿತ್ತು, ಆಗ ಇಲ್ಲಿ ಮೇಯರ್ ಅನ್ನುವ ಹುದ್ದೆಯೇ ಇರಲಿಲ್ಲ. ಮಹಾನಗರಪಾಲಿಕೆ ಆದದ್ದೇ 1964ರಲ್ಲಿ. ಕೂತವರು ಗಟ್ಟಿ ಇದ್ದರೆ ಕಾಯಿದೆ ಕೊಟ್ಟದ್ದಕ್ಕಿಂತ ಜಾಸ್ತಿ ದಕ್ಕುತ್ತದೆ. ಆದರೆ ಅದನ್ನು ಲೆಕ್ಕಕ್ಕೆ ಹಿಡಿದು ಮತ ಹಾಕಲು ಆಗುವುದಿಲ್ಲ.

ನೀರಿಗೆ ಬರೋಣ. ನಾಲ್ಕೈದು ದಿನಕ್ಕೊಮ್ಮೆ ನಲ್ಲಿ ಬಿಡುವುದು ಈ ಊರಿಗೆ ವರ್ಷಗಳ ಅಭ್ಯಾಸ. ಇಲ್ಲಿನ ಹೆಂಗಸರ ಕ್ಯಾಲೆಂಡರಿನಲ್ಲಿ ಏಕಾದಶಿ ಗುರುತು ಇರುವುದಿಲ್ಲ, ನೀರಿನ ದಿನದ ಗುರುತು ಇರುತ್ತದೆ. ನೀರು ಬರುವುದು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಉಜನಿ ಅಣೆಕಟ್ಟಿನಿಂದ ಕೊಳವೆಯಲ್ಲಿ, ಭೀಮಾ ನದಿಯ ಟಾಕಳಿಯಿಂದ, ಸ್ವಲ್ಪ ಹಿಪ್ಪರಗಾ ಕೆರೆಯಿಂದ. ಉಜನಿಯ ಬಾಗಿಲು ಯಾವಾಗ ತೆಗೆಯಬೇಕು ಅನ್ನುವುದು ರಾಜ್ಯದ ಜಲಸಂಪನ್ಮೂಲ ಇಲಾಖೆಯ ವಿಷಯ. ಉಜನಿಯಿಂದ ಎರಡನೇ ಸಮಾನಾಂತರ ಕೊಳವೆ ಹಾಕುವ ಕೆಲಸ ಸ್ಮಾರ್ಟ್ ಸಿಟಿ ಕಂಪನಿಯ ಕೈಗೆ ಹೋಯಿತು, ಪಾಲಿಕೆಯ ಸಭೆ ನೇರವಾಗಿ ನಡೆಸಿದ್ದಲ್ಲ. ಹಾಗಾಗಿ ‘ಮೇಯರ್ ಆದರೆ ದಿನಾ ನೀರು’ ಅನ್ನುವುದು, ಅವರು ಮೇಯರ್ ಆಗಿದ್ದರೂ, ಒಬ್ಬರೇ ಈಡೇರಿಸುವ ಮಾತಾಗಿರಲಿಲ್ಲ. ಆದರೆ ನಗರಸೇವಕರಾಗಿ ಅವರು ಮಾಡಬಹುದಾದದ್ದು ಬಹಳ ಇದೆ, ಅದನ್ನು ಅವರು ನಿಮಗೆ ಹೇಳಲೇ ಇಲ್ಲ. ನಿಮ್ಮ ಓಣಿಯ ವಾಲ್ವ್ ಎಷ್ಟು ಗಂಟೆಗೆ ತೆಗೆಯುತ್ತಾರೆ, ರಾತ್ರಿ ಎರಡಕ್ಕೆ ಯಾಕೆ, ಕೊನೆಯ ಹತ್ತು ಮನೆಗೆ ಒತ್ತಡ ಯಾಕಿಲ್ಲ, ಗಟಾರದೊಳಗೆ ಹಾದು ಹೋಗುವ ಹಳೆ ಪೈಪು ಯಾವಾಗ ಬದಲಾಗುತ್ತದೆ. ಈ ನಾಲ್ಕಕ್ಕೆ ಉತ್ತರ ಝೋನ್ ಆಫೀಸಿನಲ್ಲೇ ಇದೆ. ನಗರಸೇವಕರು ಅಲ್ಲಿ ಹೋಗಿ ಕೂತರೆ ಸಿಗುತ್ತದೆ.

ಕನ್ನಡದಲ್ಲಿ ಮಾತಾಡಿದರು ಅಂತ ಬರೆದಿದ್ದೀರಿ. ಒಳ್ಳೆಯದೇ. ಪೂರ್ವ ಭಾಗಕ್ಕೆ ಹೋದರೆ ಅವರೇ ತೆಲುಗಿನಲ್ಲೂ ಮಾತಾಡಿರುತ್ತಾರೆ, ಫಲಕ ಮಾತ್ರ ಮರಾಠಿಯಲ್ಲಿ. ಸೋಲಾಪುರದ ರಾಜಕಾರಣಿಗೆ ಇದು ಹುಟ್ಟಿನಿಂದ ಬಂದ ವಿದ್ಯೆ. ನನ್ನ ತಕರಾರು ಇಷ್ಟೇ: ಮತ ಕೇಳುವಾಗ ಬಂದ ಕನ್ನಡ ಸಭೆಯ ಟಿಪ್ಪಣಿಯಲ್ಲಿ ಏನಾಯಿತು? ಪಾಲಿಕೆಯ ವ್ಯವಹಾರ ಮರಾಠಿಯಲ್ಲಿ ನಡೆಯುತ್ತದೆ, 2022ರಲ್ಲಿ ಅದಕ್ಕೆ ರಾಜ್ಯ ಕಾನೂನನ್ನೇ ಮಾಡಿದೆ, ಅದರ ಬಗ್ಗೆ ಜಗಳ ಇಲ್ಲ. ದೂರು ಕೊಡುವಾಗ ನೀವೂ ಮರಾಠಿಯಲ್ಲೇ ಬರೆಯಿರಿ, ಬೇಗ ಓದುತ್ತಾರೆ. ಆದರೆ ಪಾಲಿಕೆ ತಾನೇ ನಡೆಸುತ್ತಾ ಬಂದಿರುವ ಕನ್ನಡ ಶಾಲೆಗಳ ವಿಷಯ ಇದೆಯಲ್ಲ. ನಿಮ್ಮ ಪ್ರಭಾಗದಲ್ಲಿ ಅಂಥದ್ದೊಂದು ಇದ್ದರೆ ಅಲ್ಲಿ ಎಷ್ಟು ಮಕ್ಕಳು, ಎಷ್ಟು ಮಾಸ್ತರು, ಮಾಳಿಗೆ ಸೋರುತ್ತದೆಯಾ, ಇದನ್ನು ಅವರ ಹತ್ತಿರ ಕನ್ನಡದಲ್ಲೇ ಕೇಳಿ.

ಇನ್ನು ತಮ್ಮ. ಅವನಿಗೆ 21 ತುಂಬಿರಬೇಕು, ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಇರಬೇಕು, ಪಾಲಿಕೆಯ ಬಾಕಿ ಇರಬಾರದು, ಪಾಲಿಕೆಯ ಗುತ್ತಿಗೆಯಲ್ಲಿ ಪಾಲು ಇರಬಾರದು. ಮಕ್ಕಳ ವಿಷಯ ಜಾಸ್ತಿ ಜನ ಮರೆಯುತ್ತಾರೆ: 2001ರ ಸೆಪ್ಟೆಂಬರ್ 12ರ ನಂತರ ಹುಟ್ಟಿದ ಮಗುವಿನಿಂದ ಸಂಖ್ಯೆ ಎರಡು ದಾಟಿದ್ದರೆ ನಿಲ್ಲಲು ಬರುವುದಿಲ್ಲ. ಮೀಸಲು ಜಾಗದಿಂದ ನಿಲ್ಲುವುದಾದರೆ ಜಾತಿ ಪ್ರಮಾಣಪತ್ರ ಸಾಲದು, ಪಡತಾಳಣಿ, ಅಂದರೆ ಪರಿಶೀಲನೆ, ಆದ ಪತ್ರ ಬೇಕು. ಅದನ್ನು ಈಗಲೇ ಮಾಡಿಸಿಡಲಿ, ಎಷ್ಟೋ ಜನ ಗೆದ್ದ ಮೇಲೆ ಆ ಒಂದು ಕಾಗದಕ್ಕೆ ಸದಸ್ಯತ್ವ ಕಳೆದುಕೊಂಡಿದ್ದಾರೆ. ಖರ್ಚಿನ ಲೆಕ್ಕ ಫಲಿತಾಂಶದ ನಂತರ 30 ದಿನದೊಳಗೆ ಕೊಡಬೇಕು, ಸೋತರೂ ಕೊಡಬೇಕು.

ಇದೆಲ್ಲ ಸುಲಭದ ಭಾಗ. ಕಷ್ಟದ್ದು ಪ್ರಭಾಗದ ಗಾತ್ರ. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಒಂಬತ್ತೂವರೆ ಲಕ್ಷ. ಇಪ್ಪತ್ತಾರರಿಂದ ಭಾಗಿಸಿದರೆ ಒಂದು ಪ್ರಭಾಗಕ್ಕೆ ಮೂವತ್ತಾರು ಸಾವಿರ ದಾಟುತ್ತದೆ, ಈಗ ಇನ್ನೂ ಜಾಸ್ತಿ. ಮೊದಲಿನ ಸಣ್ಣ ವಾರ್ಡಾಗಿದ್ದರೆ ಒಬ್ಬ ಒಳ್ಳೆ ಹುಡುಗ ಸೈಕಲ್ ಮೇಲೆ ತಿರುಗಿ ಗೆಲ್ಲಬಹುದಿತ್ತು. ನಾಲ್ವರ ಪ್ರಭಾಗದಲ್ಲಿ ಪಕ್ಷದ ಚಿಹ್ನೆ ಇಲ್ಲದೆ, ಜೊತೆಗೆ ಮೂವರು ಸಂಗಾತಿಗಳಿಲ್ಲದೆ ಗೆಲ್ಲುವುದು ಬಹಳ ಕಷ್ಟ. ಈ ಪದ್ಧತಿ ದೊಡ್ಡ ಪಕ್ಷಗಳಿಗೆ ಹೇಳಿ ಹೊಲಿಸಿದ ಅಂಗಿ ಅಂತ ನನ್ನ ಅಭಿಪ್ರಾಯ. ಮೇಲಾಗಿ ಅರ್ಧ ಜಾಗ ಮಹಿಳೆಯರಿಗೆ. ಐದು ವರ್ಷದ ನಂತರ ಅವನು ಕಣ್ಣಿಟ್ಟ ಜಾಗ ಮಹಿಳೆಗೆ ಹೋದರೆ ಅವನು ಹೆಂಡತಿಯನ್ನು ನಿಲ್ಲಿಸುತ್ತೇನೆ ಅನ್ನಬಹುದು. ಹಾಗಾದರೆ ಮೊದಲಿನಿಂದಲೇ ಅವರೇ ಓಡಾಡಲಿ ಅಂತ ಹೇಳಿ, ಫಲಕದಲ್ಲಿ ಇವನ ಫೋಟೋ ದೊಡ್ಡದು, ಅವರದ್ದು ಸಣ್ಣದು ಆಗುವುದು ಬೇಡ. ಮೇಯರ್ ಆಗುವ ಮಾತು ಅವನ ಬಾಯಲ್ಲಿ ಬಂದಾಗೆಲ್ಲ ‘ಸೋಡತ್ ಯಾವ ತಾರೀಖು?’ ಅಂತ ಕೇಳಿ, ತಾನಾಗಿ ನಿಲ್ಲಿಸುತ್ತಾನೆ.

ಈಗ ಆ ಹದಿನೈದು ಮತ. ನಿಮ್ಮ ಪ್ರಭಾಗಕ್ಕೆ ಇನ್ನೂ ಮೂವರು ನಗರಸೇವಕರಿದ್ದಾರೆ, ಅವರಿಗೂ ನೀವೇ ಮತ ಹಾಕಿದ್ದೀರಿ ಅಥವಾ ಹಾಕಿಲ್ಲ, ಹೇಗಿದ್ದರೂ ಅವರು ನಿಮ್ಮವರೇ. ನಾಲ್ವರ ಪದ್ಧತಿಯ ದೊಡ್ಡ ರೋಗ ಏನೆಂದರೆ ಅ-ಜಾಗದವರು ಕಸದ ವಿಷಯ ಬ-ಜಾಗದವರಿಗೆ ತೋರಿಸುತ್ತಾರೆ, ಅವರು ಕ-ಗೆ, ಅವರು ಡ-ಗೆ. ಕಾಯಿದೆಯಲ್ಲಿ ಪ್ರಭಾಗವನ್ನು ನಾಲ್ಕು ತುಂಡು ಮಾಡಿ ಹಂಚಿಲ್ಲ, ನಾಲ್ವರೂ ಪೂರ್ತಿ ಪ್ರಭಾಗಕ್ಕೆ ಜವಾಬ್ದಾರರು. ಹಾಗಾಗಿ ಒಂದೇ ದೂರು ಮರಾಠಿಯಲ್ಲಿ ಬರೆದು ನಾಲ್ಕು ಪ್ರತಿ ಮಾಡಿ, ನಾಲ್ವರ ಹೆಸರೂ ಮೇಲೆ ಹಾಕಿ, ಐದನೇ ಪ್ರತಿಗೆ ಝೋನ್ ಆಫೀಸಿನಲ್ಲಿ ಆವಕ ಶಿಕ್ಕಾ, ಅಂದರೆ ದೂರು ತಲುಪಿತು ಅನ್ನುವ ಮುದ್ರೆ, ಹೊಡೆಸಿಕೊಳ್ಳಿ. ಹೋಗುವಾಗ ಆ ಫಲಕದ ಫೋಟೋ ಒಯ್ಯಬೇಡಿ, ಅದನ್ನು ತೋರಿಸಿದರೆ ಅರ್ಧ ಗಂಟೆ ಪಕ್ಷದೊಳಗಿನ ಅನ್ಯಾಯದ ಕಥೆ ಕೇಳಬೇಕಾಗುತ್ತದೆ. ಕಳೆದ ಒಂದು ತಿಂಗಳು ನಿಮ್ಮ ಮನೆಗೆ ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಹೊತ್ತು ನೀರು ಬಂತು ಅಂತ ಬರೆದ ಹಾಳೆ ಒಯ್ಯಿರಿ. ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ಅದು ಹೇಗೂ ಇರುತ್ತದೆ.